ಪ್ರಿಂಟರ್ ಅಂತ ಕೇಳಿದ ಸುಬ್ಬರಾಯ ಭಟ್ಟರು

ಸುಬ್ಬರಾಯ ಭಟ್ಟರನ್ನು ಗುಂಪಿನಿಂದ ತೆಗೆದುಹಾಕಿದ ಬೆರಳು ನನ್ನದು. ಬಲಗೈಯ ಹೆಬ್ಬೆರಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಬೇರೆಯವರನ್ನೆಲ್ಲ ಬೈಯುವುದಿದೆ.

ನನ್ನ ಹೆಸರು ಗಗನಾ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆ ಕಾಗದ, ತಿಥಿ ಕಾರ್ಡು, ಪಹಣಿ, 'ನಾಯಿ ಇದೆ ಎಚ್ಚರಿಕೆ' ಬೋರ್ಡು, ಹೀಗೆ ಊರಿನ ಸುಖದುಃಖವೆಲ್ಲ ನನ್ನ ಟೇಬಲ್ಲಿನ ಮೇಲೆ ಹಾದುಹೋಗುತ್ತದೆ. ಉಳಿದ ಹೊತ್ತಿನಲ್ಲಿ ನಾನು ಎರಡು ವರ್ಷದಿಂದ 'ಮುಕ್ತ ಮಲೆನಾಡು' ಎಂಬ ಟೆಲಿಗ್ರಾಂ ಗುಂಪಿನ ಎರಡನೇ ಅಡ್ಮಿನ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲ್ಲೂಕಿನ ಲಿನಕ್ಸ್ ಭಕ್ತರ ಗುಂಪು ಅದು. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ಯಾರಪ್ಪನ ಆಸ್ತಿಯೂ ಅಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಒಳ್ಳೆಯ ಸಂಗತಿ. ಇವತ್ತಿಗೂ ನಾನು ಹಾಗೇ ಹೇಳುತ್ತೇನೆ. ಆದರೆ ಒಳ್ಳೆಯ ಸಂಗತಿಯ ಸುತ್ತ ನಾಲ್ಕು ಜನ ಸೇರಿದ ಕೂಡಲೇ ಮಡಿ ಮೈಲಿಗೆ ಶುರುವಾಗುತ್ತದಲ್ಲ, ನನ್ನ ತಕರಾರು ಅಲ್ಲಿಂದ.

ಮೊದಲನೇ ಅಡ್ಮಿನ್ ರೇಣುಕಾಪ್ರಸಾದ್. ಕೊಪ್ಪದಲ್ಲೇ ಇನ್ವರ್ಟರ್ ಬ್ಯಾಟರಿ ಅಂಗಡಿ. ನಾವು ಪ್ರಸಾದಣ್ಣ ಅನ್ನುತ್ತೇವೆ. ಎದುರಿಗೆ ಸಿಕ್ಕರೆ ಬಂಗಾರದಂಥ ಮನುಷ್ಯ. ಬಸರೀಕಟ್ಟೆಯ ಮೂಲೆಯ ಮನೆಯಲ್ಲಿ ಬ್ಯಾಟರಿ ಕೆಟ್ಟಿದೆ ಅಂದರೂ ಮಳೆಯಲ್ಲಿ ಬೈಕ್ ಹತ್ತಿ ಹೋಗುತ್ತಾನೆ. ಗುಂಪಿನಲ್ಲಿ ಮಾತ್ರ ಕಟ್ಟೆಯ ಮೇಲೆ ನ್ಯಾಯಕ್ಕೆ ಕೂತ ಪಟೇಲ. ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಇನ್ನೊಂದು ವ್ಯವಸ್ಥೆ ಇದೆಯಲ್ಲ, ಅದರ ಹೆಸರನ್ನು ಗುಂಪಿನಲ್ಲಿ ಎತ್ತುವಂತಿಲ್ಲ. ಹಿಂದಿನ ಕಾಲದ ಹೆಂಡತಿಯರು ಗಂಡನ ಹೆಸರು ಹೇಳದ ಹಾಗೆ ನಾವೂ ಹೇಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದೆವು. ಕೈತಪ್ಪಿ 'ಅದು' ಇರುವ ಕಂಪ್ಯೂಟರ್ ಮುಟ್ಟಿದವರು ಕ್ಷಮೆ ಕೇಳಿ, ಮೂರು ದಿನ ಡಿಪಿಯಲ್ಲಿ ಲಿನಕ್ಸಿನ ಲಾಂಛನವಾದ ಪೆಂಗ್ವಿನ್ ಹಕ್ಕಿಯ ಚಿತ್ರ ಹಾಕಿಕೊಳ್ಳಬೇಕು. "ಸೂತಕಕ್ಕೆ ಹತ್ತು ದಿನ, ಇದಕ್ಕೆ ಮೂರೇ ದಿನವಾ? ಸಸ್ತಾ ಆಯ್ತು ಬಿಡು" ಅಂತ ಅಮ್ಮ ನಗುತ್ತಿದ್ದಳು.

ನನಗೆ ಗುಂಪು ಬೇಕಾಗಿದ್ದದ್ದು ಅಮ್ಮನ ಕಂಪ್ಯೂಟರುಗಳಿಗಾಗಿ. ಅಮ್ಮ, ವನಜಮ್ಮ, ಸೀತೂರಿನ ವಾಚನಾಲಯ ನೋಡಿಕೊಳ್ಳುತ್ತಾಳೆ. ಯಾರೋ ಪುಣ್ಯಾತ್ಮರು ಹಿಂದೊಮ್ಮೆ ದಾನ ಕೊಟ್ಟ ಹನ್ನೆರಡು ಕಂಪ್ಯೂಟರ್ ಅಲ್ಲಿವೆ. ನಾನು ಟೈಪಿಂಗ್ ಕಲಿತದ್ದು ಅವುಗಳ ಮೇಲೆ. ಊರಿನ ಹೆಂಗಸರು ಅರ್ಜಿ ತುಂಬುವುದು, ಹುಡುಗಿಯರು ಪರೀಕ್ಷೆಗೆ ಓದುವುದು ಅವುಗಳ ಮೇಲೆ. ಈಗ 'ಅದು' ಹಳೆಯ ಕಂಪ್ಯೂಟರುಗಳ ಕೈಬಿಟ್ಟಿದೆ, ಹೊಸ 'ಅದು' ಇವುಗಳ ಮೇಲೆ ಕೂರುವುದಿಲ್ಲ. ಹಾಗಾಗಿ ಹನ್ನೆರಡನ್ನೂ ಗುಜರಿಗೆ ಹಾಕುವ ಮಾತು ವಾಚನಾಲಯದ ಸಮಿತಿಯಲ್ಲಿ ಎದ್ದಿತ್ತು. ಲಿನಕ್ಸ್ ಹಾಕಿದರೆ ಇನ್ನೂ ಹತ್ತು ವರ್ಷ ಓಡುತ್ತವೆ. ಹಾಕಲು ಜನ ಬೇಕು, ಸಮಿತಿಯನ್ನು ಒಪ್ಪಿಸಲು ಬಾಯಿ ಬೇಕು. ಎರಡೂ ಗುಂಪಿನಲ್ಲಿ ಇದ್ದವು, ಸುಬ್ಬರಾಯ ಭಟ್ಟರನ್ನು ತೆಗೆಯುವ ತನಕ.

ಸುಬ್ಬರಾಯ ಭಟ್ಟರು ಶೃಂಗೇರಿಯವರು, ಅರವತ್ತರ ಹತ್ತಿರ. ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಎದುರುಬದುರು ಕೂತು, ಭಾಗವತರು ಒಂದು ಪದ ಹಾಡಿದ ಮೇಲೆ, ತಮ್ಮ ತಮ್ಮ ಪಾತ್ರದ ಪರವಾಗಿ ಬಾಯಿಗೆ ಬಂದ ಹಾಗೆ ವಾದ ಮಾಡುವುದು. ಯುದ್ಧದಲ್ಲಿ ಸೋಲುವ ರಾಜರೆಲ್ಲ ನಲವತ್ತು ವರ್ಷದಿಂದ ಭಟ್ಟರ ಪಾಲಿಗೆ. ಕೊನೆಗೆ ಸಾಯಲೇಬೇಕು ಎಂದು ಗೊತ್ತಿದ್ದೂ, ಸಾಯುವ ತನಕ ದೇವರ ಪಾತ್ರದವರ ಬೆವರಿಳಿಸುತ್ತಾರೆ. ಪಂಚಾಂಗದ ಪುಟ ಜೋಡಿಸಲು ಲಿನಕ್ಸ್ ಕಲಿತು ನಮ್ಮ ಗುಂಪಿಗೆ ಸೇರಿದವರು ಆ ಅಭ್ಯಾಸವನ್ನೂ ಜೊತೆಗೇ ತಂದರು. ಯಾರು ಏನು ಹೇಳಿದರೂ ಅದರ ಎದುರಿನ ಪಾತ್ರ ಇವರದ್ದು. "ಲಿನಕ್ಸ್ ಕಲಿಯುವುದು ಸುಲಭ" ಎಂದು ಒಬ್ಬರು ಬರೆದರೆ, "ಹಾಗಾದರೆ ನನ್ನ ಹೆಂಡತಿ ಸುಬ್ಬಮ್ಮನಿಗೆ ನೀವೇ ಕಲಿಸಿ, ನಾನು ಸೋತಿದ್ದೇನೆ" ಎಂದು ಇವರು. ಮೊದಮೊದಲು ಎಲ್ಲರೂ ನಗುತ್ತಿದ್ದರು. ಒಂದು ಗುಂಪು ಎಷ್ಟು ದಿನ ನಗುತ್ತದೋ ಅಷ್ಟು ದಿನ ಅದರ ಆರೋಗ್ಯ ಚೆನ್ನಾಗಿರುತ್ತದೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಒಂದು ದಿನ ಪ್ರಸಾದಣ್ಣ ಬರೆದ: "ಲಿನಕ್ಸಿನಲ್ಲಿ ಯಾವ ಕೊರತೆಯೂ ಇಲ್ಲ. ಇದೆ ಅನ್ನುವವರ ಮನಸ್ಸಿನಲ್ಲಿ ಕೊರತೆ." ಅರ್ಧ ಗಂಟೆಯಲ್ಲಿ ಎಂಬತ್ತು ಹೆಬ್ಬೆರಳು, ಇಪ್ಪತ್ತು ಕೈಮುಗಿದ ಚಿತ್ರ, ಯಾರದ್ದೋ ಗಡಿಬಿಡಿಯಲ್ಲಿ ಒಂದು ಕೇಕು. ಅದರ ಕೆಳಗೆ ಸುಬ್ಬರಾಯ ಭಟ್ಟರು ಒಂದೇ ಪದ ಹಾಕಿದರು.

"ಪ್ರಿಂಟರ್?"

ನಾನು ಎದ್ದು ಹೋಗಿ ಅಂಗಡಿಯ ಹಿಂದಿನ ಪರದೆಯನ್ನು ಬಿಗಿಯಾಗಿ ಎಳೆದು ಬಂದೆ. ಯಾಕೆಂದರೆ ನನ್ನ ಅಂಗಡಿಯ ಪ್ರಿಂಟರ್ ಲಿನಕ್ಸಿಗೆ ಬಗ್ಗುವ ಜಾತಿಯದಲ್ಲ. ಎಲ್ಲಾ ಪ್ರಿಂಟರೂ ಹಾಗಲ್ಲ, ಕೆಲವು ಚೆನ್ನಾಗಿಯೇ ಓಡುತ್ತವೆ. ನಮ್ಮ ಕಡೆ ಸಿಗುವ ಅಗ್ಗದ್ದು ಮಾತ್ರ ಮೊಂಡು. ನನ್ನ ಟೇಬಲ್ಲಿನ ಮೇಲೆ ಪೆಂಗ್ವಿನ್ ಅಂಟಿಸಿದ ಲಿನಕ್ಸ್ ಕಂಪ್ಯೂಟರ್. ಹಿಂದಿನ ಪರದೆಯ ಆಚೆ, ದೇವರ ಫೋಟೋದ ಕೆಳಗೆ, 'ಅದು'. ಗಿರಾಕಿ ಪೆನ್‌ಡ್ರೈವ್ ಕೊಟ್ಟರೆ "ಕಾಗದ ತರ್ತೇನೆ, ಕೂತ್ಕೊಳ್ಳಿ" ಎಂದು ಪರದೆಯ ಹಿಂದೆ ಹೋಗಿ ಪ್ರಿಂಟ್ ಹೊಡೆದುಕೊಂಡು ಬರುತ್ತಿದ್ದೆ. 'ಅದನ್ನು ಬಹಿಷ್ಕರಿಸಿ' ಎಂಬ ನಮ್ಮ ಗುಂಪಿನ ಕರಪತ್ರ ಇನ್ನೂರು ಪ್ರತಿ ಅಚ್ಚಾದದ್ದೂ 'ಅದರ'ಲ್ಲೇ.

ಪ್ರಸಾದಣ್ಣನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕೂಡಲೇ ಗುಂಪಿನಲ್ಲಿ ಮತದಾನ ಇಟ್ಟ. ಪ್ರಶ್ನೆ: ಸುಬ್ಬರಾಯ ಭಟ್ಟರು ದ್ರೋಹಿಯೇ? ಆಯ್ಕೆ ಒಂದು: ಹೌದು. ಆಯ್ಕೆ ಎರಡು: ಖಂಡಿತ ಹೌದು. ಬರೀ 'ಹೌದು' ಒತ್ತಿದ ಒಂಬತ್ತು ಜನರಿಗೆ "ಯಾಕೆ ಅನುಮಾನ?" ಎಂದು ಕಾರಣ ಕೇಳಲಾಯಿತು. ನಾನು ಎರಡನೆಯದನ್ನು ಒತ್ತಿದೆ. ಯಾರಾದರೂ ನನ್ನ ಅಂಗಡಿಗೆ ಬಂದು ಪರದೆ ಎತ್ತಿದರೆ ಎಂಬ ಭಯ. ಭಯಕ್ಕೆ ನಿಯತ್ತು ಇರುವುದಿಲ್ಲ. "ಗಗನಾ, ರಿಮೂವ್ ಮಾಡು" ಎಂದ ಪ್ರಸಾದಣ್ಣ. ಮಾಡಿದೆ.

ಒಂದು ತಲೆ ಉರುಳಿದ ಮೇಲೆ ಕತ್ತಿಗೆ ರುಚಿ ಹತ್ತುತ್ತದೆ. ಮೇಗುಂದದ ನಾರಾಯಣ, "ಅಲ್ಲ, ಮನುಷ್ಯ ಒಳ್ಳೆಯವರಿದ್ರು" ಎಂದು ಬರೆದ, ಹೋದ. ಅದಕ್ಕೆ ನಕ್ಕ ಚಿತ್ರ ಹಾಕಿದವರು ಹೋದರು. ಆಮೇಲೆ, ನೋಡಿಯೂ ಏನೂ ಹಾಕದವರು ಏನೋ ಯೋಚಿಸುತ್ತಿದ್ದಾರೆ ಎಂದು ಪ್ರಸಾದಣ್ಣನಿಗೆ ಅನ್ನಿಸಿತು, ಅವರೂ ಹೋದರು. ಮುನ್ನೂರಹದಿನೆಂಟು ಜನರ ಗುಂಪು ಎರಡು ತಿಂಗಳಲ್ಲಿ ನಲವತ್ತೊಂದಕ್ಕೆ ಇಳಿಯಿತು. ಉಳಿದವರು ಎಂಥವರೆಂದರೆ, ಬೆಳಿಗ್ಗೆ "ಶುಭೋದಯ" ಎಂದರೂ "ಸರಿಯಾಗಿ ಹೇಳಿದಿರಿ" ಅನ್ನುವವರು.

ಸರಿಯಾಗಿ ಆ ಹೊತ್ತಿಗೆ ಸೀತೂರಿನಿಂದ ಅಮ್ಮನ ಫೋನು.

"ಮಂಜಯ್ಯ ಮಾಸ್ಟ್ರು ಗುಜರಿಯವಂಗೆ ಹೇಳಿಯೇ ಬಿಟ್ರು ಮಾರಾಯ್ತಿ. ಸೋಮವಾರ ಗಾಡಿ ಬರ್ತದಂತೆ. ನಾನು ಕೈಕಾಲು ಹಿಡಿದೆ. ಭಾನುವಾರ ಬೆಳಿಗ್ಗೆ ಸಮಿತಿ ಸೇರ್ತದೆ, ನಿನ್ನ ಮಗಳ ಗುಂಪಿನವರು ಬಂದು ಹೇಳ್ಲಿ, ನಾವು ಒಂದೆರಡು ಪ್ರಶ್ನೆ ಕೇಳ್ತೇವೆ, ಒಪ್ಪಿಗೆ ಆದ್ರೆ ಇಟ್ಕೊಳ್ಳುವ ಅಂದ್ರು."

ಮಂಜಯ್ಯನವರು ವಾಚನಾಲಯ ಸಮಿತಿಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರ್, ಎಪ್ಪತ್ತನಾಲ್ಕು ವರ್ಷ. ಅವರ ಒಂದೆರಡು ಪ್ರಶ್ನೆಗೆ ಹೆದರಿ ಊರು ಬಿಟ್ಟವರಿದ್ದಾರೆ.

ಗುರುವಾರ ಪ್ರಸಾದಣ್ಣನ ಬ್ಯಾಟರಿ ಅಂಗಡಿಯಲ್ಲಿ ನಾವು ತಾಲೀಮು ಇಟ್ಟುಕೊಂಡೆವು. ಪ್ರಸಾದಣ್ಣ ಭಾಷಣ ಮಾಡುವುದು, ಉಳಿದವರು ಸಮಿತಿಯವರಂತೆ ಕಠಿಣ ಪ್ರಶ್ನೆ ಕೇಳುವುದು. ಭಾಷಣ ಆಯಿತು. ಪ್ರಶ್ನೆ ಕೇಳಿ ಅಂದರೆ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಸುದರ್ಶನ ಎಂಬವ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದ:

"ಲಿನಕ್ಸ್ ಇಷ್ಟೊಂದು ಚೆನ್ನಾಗಿದೆಯಲ್ಲ, ಅದು ಹೇಗೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. "ಇದಕ್ಕಿಂತ ಕಷ್ಟದ ಪ್ರಶ್ನೆ ಬರ್ಲಿಕ್ಕಿಲ್ಲ" ಎಂದ ಪ್ರಸಾದಣ್ಣ, ಬೆವರು ಒರೆಸಿಕೊಳ್ಳುತ್ತಾ. ನನಗೆ ಹನ್ನೆರಡು ಕಂಪ್ಯೂಟರೂ ಗುಜರಿ ಗಾಡಿ ಹತ್ತಿ ಹೋಗುವುದು ಕಣ್ಣಿಗೆ ಕಟ್ಟಿತು. ಪ್ರಶ್ನೆ ಕೇಳಬಲ್ಲವರನ್ನೆಲ್ಲ ನನ್ನ ಹೆಬ್ಬೆರಳಿನಿಂದಲೇ ಹೊರಗೆ ಹಾಕಿದ್ದೆ.

ಮರುದಿನ ಅಂಗಡಿ ಮುಚ್ಚಿ ಶೃಂಗೇರಿಯ ಬಸ್ಸು ಹತ್ತಿದೆ. ಸುಬ್ಬರಾಯ ಭಟ್ಟರು ಜಗಲಿಯಲ್ಲಿ ಪಂಚಾಂಗದ ಪುಟ ತಿದ್ದುತ್ತಾ ಕೂತಿದ್ದರು. ನನ್ನನ್ನು ಕಂಡು ಒಳಗೆ ಕೂಗಿದರು.

"ಸುಬ್ಬೀ, ಕೊಪ್ಪದ ಕೂಸು ಬಂತು. ಕಾಫಿ ಮಾಡು."

ಒಳಗಿನಿಂದ ಅವರ ಹೆಂಡತಿ ಸುಬ್ಬಮ್ಮ, "ಯಾವ ಕೊಪ್ಪ? ನಿಮ್ಮನ್ನ ಓಡಿಸಿದ ಕೊಪ್ಪವಾ?" ಎಂದರು. ಕಾಫಿ ಬಂತು, ಆದರೆ ಲೋಟ ಕುಕ್ಕಿದ ರೀತಿಯಲ್ಲೇ ಸಮಾಚಾರ ಗೊತ್ತಾಯಿತು.

ನಾನು ಸೀತೂರಿನ ಕಥೆಯೆಲ್ಲ ಹೇಳಿದೆ. ಭಟ್ಟರು ಕನ್ನಡಕ ತೆಗೆದು ಶಾಲಿನಲ್ಲಿ ಒರೆಸಿದರು.

"ನಂಗೆ ಬೇಜಾರಾದದ್ದು ಹೌದು ಮಾರಾಯ್ತಿ. ನಲವತ್ತು ವರ್ಷ ಅಧರ್ಮದ ಪರ ವಾದ ಮಾಡಿದ್ದೇನೆ. ದೇವರಿಗೇ ಬೈದಿದ್ದೇನೆ. ಕೊನೆಗೆ ಮಂಗಳ ಹಾಡಿ ಪ್ರಸಂಗ ಮುಗಿದ ಮೇಲೆ ಒಬ್ಬನಾದ್ರೂ ನೀನು ದ್ರೋಹಿ ಅನ್ಲಿಲ್ಲ. ಪಕ್ಕದಲ್ಲೇ ಕೂರಿಸಿ ಊಟ ಹಾಕಿದ್ರು. ಎದುರಿಗೆ ನಾನು ಗಟ್ಟಿ ಇದ್ರೆ ಅಲ್ದಾ ದೇವರ ಪಾತ್ರಕ್ಕೂ ಒಂದು ತೂಕ? ನಿಮಗದು ಎಂತ ತಿಳೀಲಿಲ್ಲ?"

ಭಟ್ಟರು ಕನ್ನಡಕ ಹಾಕಿಕೊಂಡರು.

"ಅದಿರ್ಲಿ, ನನ್ನನ್ನ ತೆಗೆದದ್ದು ಯಾರು?"

"ಅದು... ಗುಂಪಿನ ತೀರ್ಮಾನ ಭಟ್ರೇ" ಎಂದೆ. ನಾಲಿಗೆ ಎಷ್ಟು ಸಲೀಸಾಗಿ ಜಾರಿತೆಂದು ನನಗೇ ಆಶ್ಚರ್ಯ.

"ಸರಿ, ಭಾನುವಾರ ಬರ್ತೇನೆ" ಎಂದರು. "ನಮ್ಮ ಪರವಾಗಿ ಮಾತಾಡಿ" ಎಂದು ನಾನು ಬೇಡಿಕೊಂಡೆ. ಅದಕ್ಕೆ ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಸೀತೂರಿನ ವಾಚನಾಲಯದಲ್ಲಿ ಒಂದು ಕಡೆ ಸಮಿತಿಯ ಏಳು ಜನ, ಇನ್ನೊಂದು ಕಡೆ ಬಿಳಿ ಅಂಗಿಯ ನಾವು ಆರು ಜನ, ಗೋಡೆಗೆ ಒರಗಿ ಹನ್ನೆರಡು ಕಂಪ್ಯೂಟರ್. ಅಮ್ಮ ಅವುಗಳನ್ನು ಒರೆಸಿ ಒರೆಸಿ, ಹೆಣ್ಣು ನೋಡಲು ಬಂದವರ ಮುಂದೆ ಕೂರಿಸಿದ ಹಾಗೆ ಕೂರಿಸಿದ್ದಳು. ಸುಬ್ಬರಾಯ ಭಟ್ಟರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರನ್ನು ಕಂಡ ಪ್ರಸಾದಣ್ಣ ನನ್ನನ್ನು ದುರುಗುಟ್ಟಿ ನೋಡಿ, ಬೇರೆ ದಾರಿಯಿಲ್ಲದೆ ಭಾಷಣ ಶುರುಮಾಡಿದ. ಚೆನ್ನಾಗಿಯೇ ಮಾಡಿದ. ಸಮಿತಿಯವರು ತಲೆಯಾಡಿಸಿದರು. ಅಮ್ಮನ ಮುಖ ಅರಳಿತು.

ಮಂಜಯ್ಯನವರು ಕೇಳಿದರು. "ಎಲ್ಲಾ ಸರಿ. ಪ್ರಿಂಟರ್ ನಡೀತದಾ?"

ಪ್ರಸಾದಣ್ಣನ ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು. ತೋರುಬೆರಳನ್ನು ಅಧ್ಯಕ್ಷರ ಕಡೆಗೆ ಚಾಚಿ, ವಾಚನಾಲಯದ ಹೆಂಚು ಹಾರುವ ಹಾಗೆ ಕೂಗಿದ:

"ಗಗನಾ! ಇವರನ್ನ ರಿಮೂವ್ ಮಾಡು!"

ಸುದರ್ಶನ ಅಭ್ಯಾಸಬಲದಿಂದ ಹೆಬ್ಬೆರಳು ಎತ್ತಿಯೇಬಿಟ್ಟ. ನಾನು ಎಲ್ಲಿ ಒತ್ತಲಿ? ಅಧ್ಯಕ್ಷರು ತಮ್ಮದೇ ಸಭೆಯಲ್ಲಿ, ತಮ್ಮದೇ ಕುರ್ಚಿಯಲ್ಲಿ, ಸಾಕ್ಷಾತ್ ಎದುರಿಗೆ ಕೂತಿದ್ದರು.

"ಯಾರನ್ನ?" ಎಂದರು ಮಂಜಯ್ಯನವರು. ಧ್ವನಿ ತಣ್ಣಗಿತ್ತು. "ಸಾಕು. ವನಜಮ್ಮ, ನಾಳೆ ಗಾಡಿ ಬರ್ಲಿ. ಒಂದು ಪ್ರಶ್ನೆಗೆ ಹೀಗೆ ಕೂಗುವವರ ಕೈಗೆ ವಾಚನಾಲಯ ಕೊಡೋದಾ?" ಎಂದು ಎದ್ದರು. ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ನನಗೆ ಭೂಮಿ ಬಿರಿದು ನುಂಗಬಾರದೇ ಅನ್ನಿಸಿತು.

ಆಗ ಹಿಂದಿನ ಬೆಂಚಿನಿಂದ ಕೆಮ್ಮಿದ ಸದ್ದು. ಸುಬ್ಬರಾಯ ಭಟ್ಟರು ಮುಂದೆ ಬಂದು, ಮಂಜಯ್ಯನವರ ಎದುರಿನ ಬೆಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಶಾಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು. ಕಾಪಾಡಿದರು ಅಂದುಕೊಂಡೆ.

"ಭಲೇ ಅಧ್ಯಕ್ಷ!" ಎಂದರು ಭಟ್ಟರು, ಮೈ ಜುಂ ಎನ್ನುವ ಸ್ವರದಲ್ಲಿ. "ನಿನ್ನ ತೀರ್ಮಾನವನ್ನು ಮೆಚ್ಚಿದೆ! ಗುಜರಿಯೇ ಈ ಲೋಕದ ಪರಮಧರ್ಮ. ಮುದಿಯಾದದ್ದನ್ನು ಇಟ್ಟುಕೊಂಡು ಉದ್ಧಾರವಾದವರುಂಟೇ? ಇಂದು ಈ ಹನ್ನೆರಡು ಪೆಟ್ಟಿಗೆಗಳು ಗಾಡಿ ಹತ್ತಲಿ. ನಾಳೆ ಈ ಮುದಿ ಬೆಂಚುಗಳು ಹತ್ತಲಿ. ನಾಡಿದ್ದು, ಎಪ್ಪತ್ತು ದಾಟಿದ ಅಧ್ಯಕ್ಷರಿದ್ದರೆ ಅವರೂ ಹತ್ತಲಿ! ನಡೆಯುವುದಕ್ಕೆ ದಣಿವಾದರೆ ಗಾಡಿಯವನೇ ಎತ್ತಿಕೊಳ್ಳುತ್ತಾನೆ!"

ಕೆಟ್ಟೆ ಅಂದುಕೊಂಡೆ. ಈ ಮನುಷ್ಯನಿಗೆ ಎದುರು ಪಾತ್ರ ಬಿಟ್ಟು ಬೇರೆ ಬರುವುದೇ ಇಲ್ಲ. ಆದರೆ ನಮ್ಮ ಕಡೆ ಆ ವಯಸ್ಸಿನ ಗಂಡಸರಲ್ಲಿ ಹರೆಯದಲ್ಲಿ ನಾಲ್ಕು ಕಡೆ ಅರ್ಥ ಹೇಳದವರು ಕಡಿಮೆ, ಮತ್ತು ಹೇಳಿದವರಿಗೆ, ಎದುರಿನವನು ಹೀಗೆ ಕೆಣಕಿದ ಮೇಲೆ ಎದ್ದು ಹೋಗುವುದು ಸಾವಿಗಿಂತ ಕೀಳು. ಬಾಗಿಲ ತನಕ ಹೋದ ಮಂಜಯ್ಯನವರ ಕಾಲು ನಿಂತಿತು. ತಿರುಗಿದರು. ಬಂದು ಕೂತರು. ಟವೆಲ್ಲನ್ನು ಹೆಗಲಿಗೆ ಏರಿಸಿದರು.

"ಎಲವೋ ಗುಜರಿರಾಯ!"

ಸಮಿತಿಯ ಖಜಾಂಚಿ ಬೆಂಚಿನ ಮೇಲೆ ಎರಡು ಕೈಯಲ್ಲಿ ಮದ್ದಳೆ ಬಾರಿಸತೊಡಗಿದರು.

"ಮುದಿ ಎಂದೆಯಾ? ನಿನ್ನ ಮನೆಯ ಒರಳುಕಲ್ಲು ಯಾರ ಕಾಲದ್ದು? ದೋಸೆ ತಿನ್ನುವಾಗ ಅದರ ವಯಸ್ಸು ಕೇಳಿದೆಯಾ? ಮಾಡುವ ಕೆಲಸ ಮಾಡುವ ತನಕ ಯಾವುದೂ ಹಳತಲ್ಲವೋ!" ಎಂದರು ಮಂಜಯ್ಯನವರು.

"ಕೆಲಸ? ಯಾವ ಕೆಲಸ? ಹೊಸ ವ್ಯವಸ್ಥೆ ಇವುಗಳ ಮೇಲೆ ಕೂರದು!" ಎಂದರು ಭಟ್ಟರು.

"ಕೂರದಿದ್ದರೆ ನಿಲ್ಲಲಿ! ಕೂರುವ ಲಿನಕ್ಸನ್ನು ಕೂರಿಸುತ್ತೇನೆ. ಬಿಟ್ಟಿ ಬಂದ ಅತಿಥಿಗೆ ಜಾಗ ಕೊಡುವುದಕ್ಕೆ ನಿನ್ನ ಅಪ್ಪಣೆ ಬೇಕೇ?"

"ಹಾಗಾದರೆ ಕೇಳು ಅಧ್ಯಕ್ಷ, ಪ್ರಿಂಟರ್ ನಡೆಯದು! ಪ್ರಿಂಟರಿಲ್ಲದ ಕಂಪ್ಯೂಟರ್ ಇದ್ದರೆಷ್ಟು, ಬಿಟ್ಟರೆಷ್ಟು?"

ಪ್ರಸಾದಣ್ಣ ಕಿವಿ ಮುಚ್ಚಿಕೊಂಡ. ಮಂಜಯ್ಯನವರು ನಿಧಾನಕ್ಕೆ ಕೈ ಎತ್ತಿ ಪುಸ್ತಕದ ಕಪಾಟುಗಳನ್ನು ತೋರಿಸಿದರು.

"ಮೂಢ! ಇದು ವಾಚನಾಲಯ. ಓದುವುದಕ್ಕೆ ಬಂದವನು ಪುಸ್ತಕದ ಹಾಳೆ ಹರಿದು ಮನೆಗೆ ಒಯ್ಯುತ್ತಾನೆಯೇ? ಹಾಗಿದ್ದ ಮೇಲೆ ಕಂಪ್ಯೂಟರಿನಿಂದ ಯಾಕೆ ಒಯ್ಯಬೇಕು? ಕಾಗದವೇ ಬೇಕೆನ್ನುವವನಿಗೆ ಪೇಟೆಯಲ್ಲಿ ಜೆರಾಕ್ಸ್ ಅಂಗಡಿಗಳು ಸತ್ತುಹೋಗಿವೆಯೇ? ನಡೆಯದಿದ್ದರೆ ನಡೆಯದು ಎನ್ನುತ್ತೇನೆ. ಅದನ್ನು ಹೇಳುವುದಕ್ಕೆ ನನಗೇನು ಭಯ!"

ಎರಡು ವರ್ಷ, ಮುನ್ನೂರಹದಿನೆಂಟು ಜನ, ಸಾವಿರಾರು ಹೆಬ್ಬೆರಳು. ಆ ಪ್ರಶ್ನೆಗೆ ಇಷ್ಟು ಸಣ್ಣ ಉತ್ತರ ಇದೆಯೆಂದು ನಮಗೆ ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ, ಪ್ರಶ್ನೆಯನ್ನೇ ಹೊರಗೆ ಹಾಕಿದ್ದೆವಲ್ಲ.

"ಸೋತೆ!" ಎಂದರು ಸುಬ್ಬರಾಯ ಭಟ್ಟರು, ಗೆದ್ದವರಿಗಿಂತ ಹೆಚ್ಚು ಸಂತೋಷದಿಂದ. ಸಮಿತಿಯವರು ಚಪ್ಪಾಳೆ ತಟ್ಟಿದರು. ಮಂಜಯ್ಯನವರು ಜಯದ ಭರದಲ್ಲಿ ಅಲ್ಲೇ ನಿರ್ಣಯ ಬರೆಸಿ ಸಹಿ ಹಾಕಿದರು: ಹನ್ನೆರಡೂ ಉಳಿಯತಕ್ಕದ್ದು. ಸಹಿ ಹಾಕಿದ ಮೇಲೆ ಪೆನ್ನು ಹಿಡಿದುಕೊಂಡೇ, "ಅಲ್ಲ, ನಾನು ಮೊದಲು ಯಾವ ಕಡೆ ಇದ್ದೆ?" ಎಂದು ಖಜಾಂಚಿಯನ್ನು ಕೇಳಿದರು. ಅಮ್ಮ ಅಳುತ್ತಾ ನಗುತ್ತಾ ಅವಲಕ್ಕಿ ಹಂಚಿದಳು.

ನಾನು ನನ್ನ ತಟ್ಟೆ ಹಿಡಿದುಕೊಂಡು ಭಟ್ಟರ ಪಕ್ಕ ಕೂತೆ.

"ಭಟ್ರೇ, ನಿಮ್ಮನ್ನ ತೆಗೆದದ್ದು ನಾನು. ಪ್ರಸಾದಣ್ಣ ಹೇಳಿದ, ಒತ್ತಿದ್ದು ನಾನು. ಮೊನ್ನೆ ಸುಳ್ಳು ಹೇಳಿದೆ."

ಭಟ್ಟರು ಅಗಿಯುವುದನ್ನು ನಿಲ್ಲಿಸಿದರು.

"ಒತ್ತುವಾಗ, ನಾನು ಕೇಳಿದ್ದು ಸರಿ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನನ್ನ ಪ್ರಿಂಟರೂ ನಡೆಯೋದಿಲ್ಲ."

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸಬಹುದಿತ್ತು.

"ಹಾಗಾದ್ರೆ ನನಗಿಂತ ದೊಡ್ಡ ಅರ್ಥಧಾರಿ ನೀನೇ ಕೂಸೆ. ನಾನು ನಂಬದ್ದನ್ನ ಹೇಳೋದು ಮಂಗಳದ ತನಕ ಮಾತ್ರ. ನಿಂದು ಎರಡು ವರ್ಷದಿಂದ ಮಂಗಳವೇ ಆಗ್ಲಿಲ್ಲ."

ಅಳು ಬಂತು. ತಟ್ಟೆ ಕೆಳಗಿಟ್ಟು ಫೋನು ತೆಗೆದು ಗುಂಪಿನಲ್ಲಿ ಬರೆದೆ: "ನನ್ನ ಪ್ರಿಂಟರ್ ಲಿನಕ್ಸಿನಲ್ಲಿ ನಡೆಯುವುದಿಲ್ಲ. ಪರದೆಯ ಹಿಂದೆ ಇನ್ನೊಂದು ಇಟ್ಟುಕೊಂಡಿದ್ದೇನೆ. ತೆಗೆಯುವವರು ತೆಗೆಯಿರಿ." ಕಳಿಸಿಯೂಬಿಟ್ಟೆ.

ಎದುರಿನ ಬೆಂಚಿನಲ್ಲಿ ಪ್ರಸಾದಣ್ಣನ ಫೋನು ಟಿಣ್ ಎಂದಿತು. ಅವಲಕ್ಕಿ ಮೆತ್ತಿದ ಬೆರಳಿನಲ್ಲೇ ತೆರೆದು ಓದಿದ. ಎರಡು ಸಲ ಓದಿದ. ಎದ್ದು ನೇರ ನನ್ನ ಹತ್ತಿರ ಬಂದ. ಬೈಗುಳಕ್ಕೆ ಸಿದ್ಧಳಾಗಿ ಕಣ್ಣು ಮುಚ್ಚಿದೆ. ಅವನು ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದ.

"ನಿಂದೂ ನಡೆಯೋದಿಲ್ವಾ ಮಾರಾಯ್ತಿ? ನಂದೊಂದೇ ಅಂದ್ಕೊಂಡಿದ್ದೆ. ಕೊಪ್ಪದಲ್ಲಿ ಯಾರಾದ್ರೂ ನೋಡ್ತಾರೆ ಅಂತ ಒಂದೊಂದು ಬಿಲ್ ಪ್ರಿಂಟಿಗೂ ಶಿವಮೊಗ್ಗಕ್ಕೆ ಹೋಗ್ತಿದ್ದೆ."